ಒತಿಲಿಯಾ ಬರೆದ ಹದಿಮೂರು ಸಾಲು

ನಮ್ಮೂರು ಪಾಸೊ ಲಾಪಾಚೊದಲ್ಲಿ ಕರೆಂಟು ಕೊಡುವುದು ಸಹಕಾರ ಸಂಘ, ಇಂಟರ್ನೆಟ್ ಕೊಡುವುದು ಅದೇ ಸಂಘ, ಸತ್ತವರನ್ನು ಮಣ್ಣು ಮಾಡುವುದೂ ಅದೇ ಸಂಘ. ಮೂರಕ್ಕೂ ಕೌಂಟರ್ ಒಂದೇ. ಆ ಕೌಂಟರಿನ ಹಿಂದೆ ಕೂತಿರುವವಳು ನಾನು, ನಿಲ್ದಾ. ಒಬ್ಬರು ನೆಟ್ ಬರುತ್ತಿಲ್ಲ ಎಂದು ಮೇಜು ಕುಟ್ಟುತ್ತಿರುವಾಗ, ಅವರ ಬೆನ್ನಿಗೆ ಇನ್ನೊಬ್ಬರು ಅಪ್ಪ ತೀರಿಕೊಂಡ ಕಾಗದ ಹಿಡಿದು ಸರದಿಯಲ್ಲಿ ನಿಂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಒತಿಲಿಯಾ ಸೆಮೆನ್ಯೂಕ್ ನನ್ನ ಹಿಂದಿನ ಕೋಣೆಯವಳು. ಅವಳ ಅಜ್ಜ ಉಕ್ರೇನಿನಿಂದ ಬಂದು ಇಲ್ಲಿನ ಕೆಂಪು ಮಣ್ಣಿನಲ್ಲಿ, ನಾವು ಚಹಾದಂತೆ ಕುಡಿಯುವ ಯೆರ್ಬಾ ಸೊಪ್ಪು ಬೆಳೆದವನು. ಅವಳು ಹತ್ತೊಂಬತ್ತನೇ ವಯಸ್ಸಿಗೆ ಸಂಘದ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಆಪರೇಟರ್ ಆಗಿ ಸೇರಿದಳು. ಆ ಕೇಂದ್ರ ಮುಚ್ಚಿ ಕಂಪ್ಯೂಟರ್ ಬಂದಾಗ, ಅದರ ಕೋಣೆಯನ್ನು ನೋಡಿಕೊಳ್ಳಲು ಯಾರೂ ಒಪ್ಪಲಿಲ್ಲ. ಅಲ್ಲಿ ಚಳಿ, ಸದ್ದು ಬೇರೆ. ಒತಿಲಿಯಾ ಒಪ್ಪಿಕೊಂಡಳು. ಕೈಪಿಡಿಗಳನ್ನು ಓದಿಯೇ ಕೆಲಸ ಕಲಿತಳು. ಅವು ಇಂಗ್ಲಿಷಿನಲ್ಲಿದ್ದವು, ಹಾಗಾಗಿ ಅವಳು ಇಂಗ್ಲಿಷ್ ಓದಬಲ್ಲಳು, ಬರೆಯಬಲ್ಲಳು, ಆದರೆ ಬಾಯಿ ತೆರೆದು ಒಂದು ಮಾತೂ ಆಡಲಾರಳು.

ಅವಳ ಕೆಲಸ ಏನೆಂದರೆ ವೇಗ ಕತ್ತರಿಸುವುದು. ಊರು, ಸುತ್ತಲ ತೋಟ, ಮಂಗನ ಗುಡ್ಡದ ಆಚೆಯ ಕಾಲೊನಿ ಎಲ್ಲ ಸೇರಿ ಮೂರು ಸಾವಿರದ ನೂರು ಮನೆ. ಹೊರಗಿನಿಂದ ಬರುವ ದೊಡ್ಡ ಹರಿವು ಒಂದೇ. ಅದನ್ನು ಯಾರಿಗೆ ಎಷ್ಟೋ ಅಷ್ಟೇ ಹೋಗುವ ಹಾಗೆ ತಡೆತಡೆದು ಬಿಡುವುದು ಒಂದು ಕಂಪ್ಯೂಟರಿನ ಪಾಲಿಗೆ ಬಂದಿತ್ತು. ನಾನು ಒಮ್ಮೆ, ಜನ ಕೇಳಿದರೆ ಏನು ಹೇಳಲಿ, ಬಿಡಿಸಿ ಹೇಳು ಎಂದಿದ್ದೆ.

"ಒಂದೊಂದು ಮನೆಗೂ ಒಂದೊಂದು ಬಕೆಟ್ ಇದೆ ಅಂತ ಇಟ್ಕೋ," ಎಂದಳು. "ಆರು ಮೆಗಾ ವೇಗದವರ ಬಕೆಟ್‌ಗೆ ಸಣ್ಣ ನಲ್ಲಿ, ಐವತ್ತರವರಿಗೆ ದೊಡ್ಡ ನಲ್ಲಿ. ನೆಟ್‌ನಲ್ಲಿ ಎಲ್ಲಾ ಸಣ್ಣ ಸಣ್ಣ ಪ್ಯಾಕೆಟ್ ಆಗಿ ಬರುತ್ತೆ, ಅವರ ಒಂದೊಂದು ಪ್ಯಾಕೆಟ್ ಬಂದಾಗ್ಲೂ ಬಕೆಟ್‌ನಿಂದ ಅಷ್ಟು ಮೊಗೆದು ಕೊಟ್ಟು ಮುಂದಕ್ಕೆ ಬಿಡಬೇಕು. ಬಕೆಟ್‌ನಲ್ಲಿ ಸಾಲದೇ ಇದ್ರೆ ಪ್ಯಾಕೆಟ್ ಎಸೀಬೇಕು."

"ಯಾರು ಮೊಗೆಯೋದು?"

"ಕರ್ನೆಲ್. ಆಪರೇಟಿಂಗ್ ಸಿಸ್ಟಮ್‌ನ ಒಳಗಿನ ತಿರುಳು. ಮೂರು ಸಾವಿರದ ನೂರು ಬಕೆಟ್, ಸೆಕೆಂಡಿಗೆ ಲಕ್ಷಗಟ್ಟಲೆ ಪ್ಯಾಕೆಟ್. ಪಾಪ, ಅದಕ್ಕಿರೋದು ನಾಲ್ಕೇ ಕೈ."

ನಾಲ್ಕು ಕೈ ಎಂದರೆ ಪ್ರೊಸೆಸರಿನ ನಾಲ್ಕು ಕೋರ್. ಸಿಯೆಸ್ತಾ, ಅಂದರೆ ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಅವು ಸೋಲುತ್ತಿದ್ದವು. ಹೊರಗಿನವರು ಮಧ್ಯಾಹ್ನ ಊರೆಲ್ಲ ಮಲಗಿರುತ್ತದೆ ಎಂದುಕೊಳ್ಳುತ್ತಾರೆ. ಮಲಗಿರುತ್ತದೆ ನಿಜ, ಕೈಯಲ್ಲಿ ಫೋನ್ ಹಿಡಿದುಕೊಂಡು.

ಅವಳ ಗಂಡ ಇಲಾರಿಯೊ ಫ್ಲೆಯ್ತಾಸ್ ನಮ್ಮ ಸಂಘದ ಲೈನ್‌ಮನ್. ಉದ್ದನೆಯ ಮನುಷ್ಯ, ಕೂಗಿ ಮಾತಾಡುವವನು, ಎಲ್ಲರಿಗೂ ಬೇಕಾದವನು. ಮಕ್ಕಳಿರಲಿಲ್ಲ. ಅವನ ತಾಯಿ ದೊನ್ಯಾ ತಿಮೊತೆಯಾ ಅವರ ಜೊತೆಗೇ ಇದ್ದರು; ಇಲ್ಲಿ ಹಿರಿಯ ಹೆಂಗಸನ್ನು ದೊನ್ಯಾ, ಗಂಡಸನ್ನು ದೊನ್ ಎಂದು ಕರೆಯುತ್ತೇವೆ.

ಮಾರ್ಚ್ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ, ಮಂಗನ ಗುಡ್ಡದ ಆಚೆಯ ಕಾಲೊನಿಯಿಂದ ದೂರುಗಳು ಬರತೊಡಗಿದವು. ನೆಟ್ ಕಡಿದು ಕಡಿದು ಬರುತ್ತಿದೆ, ಏನೂ ತೆರೆಯುತ್ತಿಲ್ಲ. ಹದಿನೈದು ನಿಮಿಷದಲ್ಲಿ ಇಪ್ಪತ್ತು ಫೋನ್. ನಾನು ಒಳಗೆ ಹೋಗಿ ಹೇಳಿದೆ. ಒತಿಲಿಯಾ ಪರದೆ ನೋಡಿದಳು. ಕಾಲೊನಿಯ ಮನೆಗಳಿಗೆ ಹೋಗುವ ಪ್ಯಾಕೆಟ್‌ಗಳಲ್ಲಿ ಕಾಲು ಭಾಗ ಬಿದ್ದುಹೋಗುತ್ತಿತ್ತು. ಊರಿನವರದು ಸರಿಯಾಗಿತ್ತು. ಗುಡ್ಡದ ಮೇಲೆ ನಮ್ಮ ರೇಡಿಯೊ ಗೋಪುರ ಇದೆ, ಕಾಲೊನಿಗೆ ಎಲ್ಲವೂ ಅದರ ಮೂಲಕವೇ. ಯಾರಾದರೂ ಏನು ಅಂದುಕೊಳ್ಳುತ್ತಾರೋ ಅವಳೂ ಅದನ್ನೇ ಅಂದುಕೊಂಡಳು. ರೇಡಿಯೊದಲ್ಲಿ ಗಂಡನನ್ನು ಕರೆದಳು.

"ಇಲಾರಿಯೊ, ಎಲ್ಲಿದ್ದೀಯ?"

"ಎಲ್ಲಿರ್ತೀನಿ, ಗರಗಸದ ಮಿಲ್ಲಿನ ಮುಂದೆ. ತಣ್ಣಗೆ ತೆರೆರೆ ಕುಡೀತಾ ಇದ್ದೀನಿ. ಯಾಕೆ, ನೆನಪಾಯ್ತಾ ನಂದು?"

"ಗುಡ್ಡಕ್ಕೆ ಹೋಗಿ ಗೋಪುರದ ಪೆಟ್ಟಿಗೆ ಒಂದ್ಸಲ ಆರಿಸಿ ಹಾಕ್ತೀಯಾ? ಕಾಲೊನಿಯವ್ರು ಕೂಗ್ತಿದಾರೆ."

"ಮಳೆ ಬಂದಿದೆಯಲ್ಲೇ ಬೆಳಿಗ್ಗೆ. ರಸ್ತೆ ಸೋಪಿನ ಹಾಗಿರುತ್ತೆ."

"ಹಾಗಾದ್ರೆ ನಾಳೆ ಹೋಗು."

"ಏ, ಹೋಗ್ತೀನಿ ಬಿಡು. ನಾಳೆ ಅಂದ್ರೆ ನಿಲ್ದಾನ್ನ ಹರಿದು ತಿಂತಾರೆ ಅವ್ರು."

ಇಷ್ಟೇ ಮಾತು. ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ, ನಕ್ಕೆ ಕೂಡ. ಗುಡ್ಡದ ಕೆಳಗಿನ ಹಳ್ಳದ ಹತ್ತಿರ ಗಾಡಿ ಜಾರಿ ಮಗುಚಿಕೊಂಡಿತು. ತೋಟದವರೊಬ್ಬರು ನೋಡುವ ಹೊತ್ತಿಗೆ ಮೂರೂವರೆಯಾಗಿತ್ತು. ಆ ವೇಳೆಗೆ ಕಾಲೊನಿಯ ನೆಟ್ ತಾನಾಗಿಯೇ ಸರಿಹೋಗಿತ್ತು, ಸಿಯೆಸ್ತಾ ಮುಗಿದಿತ್ತು.

ಇಲಾರಿಯೊನ ಶವವನ್ನು ಸಂಘದ ಅಂತಿಮದರ್ಶನದ ಕೋಣೆಯಲ್ಲಿ ಇಟ್ಟೆವು. ಆ ಕೋಣೆಗೂ ಕಂಪ್ಯೂಟರ್ ಕೋಣೆಗೂ ನಡುವೆ ಒಂದೇ ಗೋಡೆ. ಜನ ಪ್ರಾರ್ಥನೆ ನಿಲ್ಲಿಸಿದಾಗಲೆಲ್ಲ ಗೋಡೆಯಾಚೆಯ ಫ್ಯಾನುಗಳ ಸದ್ದು ಕೇಳುತ್ತಿತ್ತು. ಒತಿಲಿಯಾ ಕುರ್ಚಿಯಲ್ಲಿ ಕೂತಿದ್ದಳು. ಬಂದವರು ಅಪ್ಪಿಕೊಂಡಾಗ ಎದ್ದು ನಿಲ್ಲುತ್ತಿದ್ದಳು, ಬಿಟ್ಟಾಗ ಕೂರುತ್ತಿದ್ದಳು. ಕಣ್ಣು ಒಣಗಿಯೇ ಇತ್ತು. ದೊನ್ಯಾ ತಿಮೊತೆಯಾ ಶವಪೆಟ್ಟಿಗೆಯ ಮೇಲೆ ಬಿದ್ದು ಗೋಳಾಡುತ್ತಿದ್ದ ಹೊತ್ತಿನಲ್ಲಿ ಇವಳು ನನ್ನ ಕಡೆ ತಿರುಗಿ, "ಮೂರನೇ ಫ್ಯಾನಿನ ಬೇರಿಂಗ್ ಹೋಗ್ತಾ ಇದೆ," ಎಂದಳು. ಮೆಲ್ಲಗೇ ಹೇಳಿದಳು, ಆದರೆ ಆ ಗಳಿಗೆಗೆ ಕೋಣೆ ಸುಮ್ಮನಾಗಿತ್ತು. ಎಲ್ಲರಿಗೂ ಕೇಳಿಸಿತು.

ಊರು ಅದನ್ನು ಮರೆಯಲಿಲ್ಲ. ಬೇಕರಿಯಲ್ಲಿ, ಬಸ್ ನಿಲ್ದಾಣದಲ್ಲಿ, ನನ್ನ ಕೌಂಟರಿನ ಮುಂದೆಯೇ ಅದೇ ಮಾತು. "ಗಂಡ ಪೆಟ್ಟಿಗೇಲಿ, ಇವಳಿಗೆ ಫ್ಯಾನಿನ ಚಿಂತೆ." ಅವಳು ನಾಲ್ಕನೇ ದಿನವೇ ಕೆಲಸಕ್ಕೆ ಬಂದಾಗ ಮಾತು ಇನ್ನೂ ಜೋರಾಯಿತು. ಮನೆಯಲ್ಲಿ ದೊನ್ಯಾ ತಿಮೊತೆಯಾ ಮುಖಕ್ಕೇ ಹೇಳುತ್ತಿದ್ದರಂತೆ:

"ನನ್ನ ಮಗ ನಿನ್ನ ಜೊತೆ ಇಪ್ಪತ್ತು ವರ್ಷ ಬಾಳಿದ. ಒಂದು ಹನಿ, ಒತಿಲಿಯಾ. ಒಂದೇ ಒಂದು ಹನಿ ಕೂಡ ಅವನ ಪಾಲಿಗಿಲ್ವಾ?"

"ಬರ್ತಿಲ್ಲ, ದೊನ್ಯಾ."

"ಬರ್ತಿಲ್ಲ ಅಂದ್ರೆ? ಅದೇನು ಬಸ್ಸಾ?"

ನಾನೂ ಒಂದು ದಿನ ಕೇಳಿದೆ. ಕುಹಕಕ್ಕಲ್ಲ, ಭಯವಾಗಿ. ಅವಳು ಊಟ ಬಿಟ್ಟಿರಲಿಲ್ಲ, ಆದರೆ ಉಪ್ಪಿಲ್ಲದ್ದನ್ನೂ ಸುಟ್ಟದ್ದನ್ನೂ ಒಂದೇ ಥರ ನುಂಗುತ್ತಿದ್ದಳು. ಯೆರ್ಬಾ ಸೊಪ್ಪಿನ ಬಿಸಿ ಕಷಾಯ 'ಮಾತೆ' ಕುಡಿಯುವಾಗ ಒಮ್ಮೆ ಕುದಿಯುವ ನೀರಿಗೆ ನಾಲಿಗೆ ಸುಟ್ಟುಕೊಂಡದ್ದೂ ಅವಳಿಗೆ ಗೊತ್ತಾಗಿರಲಿಲ್ಲ.

"ಹೇಗಿದ್ದೀಯೆ, ನಿಜ ಹೇಳು."

ಅವಳು ಯೋಚಿಸಿದಳು. "ಕಾಲಿಗೆ ಜೋಮು ಹಿಡಿದಿರುತ್ತಲ್ಲ, ಹಾಗೆ. ನಡೀತೀನಿ. ನೆಲ ಇದೆ ಅಂತ ಕಣ್ಣಿಂದ ನೋಡಿ ತಿಳ್ಕೊಳ್ಳೋದು."

ಏಪ್ರಿಲ್ ಕೊನೆಯಲ್ಲಿ ಕಾಲೊನಿಯವರ ದೂರು ಮತ್ತೆ ಶುರುವಾಯಿತು. ಅದೇ ಹೊತ್ತು, ಅದೇ ಥರ. ಈ ಸಲ ಗುಡ್ಡಕ್ಕೆ ಕಳಿಸಲು ಯಾರೂ ಇರಲಿಲ್ಲ. ಹೊಸ ಲೈನ್‌ಮನ್ ಇನ್ನೂ ಸೇರಿರಲಿಲ್ಲ. ಹಾಗಾಗಿ ಒತಿಲಿಯಾ ಕೂತಲ್ಲೇ ಹುಡುಕಿದಳು. ಗೋಪುರದ ಪೆಟ್ಟಿಗೆ ತನ್ನ ದಿನಚರಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದನ್ನು ತೆರೆದು ನೋಡಿದಳು. ಏನೂ ಆಗಿರಲಿಲ್ಲ. ಸಿಗ್ನಲ್ ಸರಿ, ಕರೆಂಟು ಸರಿ. ಆಮೇಲೆ ನಮ್ಮ ಕಂಪ್ಯೂಟರಿನ ನಾಲ್ಕು ಕೋರ್‌ಗಳ ಲೆಕ್ಕ ಬೇರೆ ಬೇರೆ ತೆಗೆದಳು. ಮೂರು ಕೋರ್ ಅರ್ಧ ಖಾಲಿ, ನಾಲ್ಕನೆಯದು ಪೂರ್ತಿ ನೂರಕ್ಕೆ ನೂರು. ಗುಡ್ಡದ ಗೋಪುರದ ಕಡೆಗೆ ಹೋಗುವ ಕೇಬಲ್ ಸೇರುವ ಕಿಂಡಿಯ ಕೆಲಸವೆಲ್ಲ ಆ ನಾಲ್ಕನೇ ಕೋರ್ ಒಂದರ ಮೇಲೇ ಬಿದ್ದಿತ್ತು. ಬಕೆಟ್ ಮೊಗೆದು ಮೊಗೆದು ಅದರ ಕೈ ಸೋತು, ಉಳಿದ ಪ್ಯಾಕೆಟ್‌ಗಳನ್ನು ನೋಡದೆಯೇ ಚೆಲ್ಲುತ್ತಿತ್ತು.

ಆಗ ಅವಳು ಮಾರ್ಚ್ ತಿಂಗಳ ಆ ಮಂಗಳವಾರದ ದಾಖಲೆಯನ್ನೂ ತೆಗೆದಳು.

ಕೌಂಟರಿಗೆ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಜನ ಇರಲಿಲ್ಲ.

"ನಿಲ್ದಾ, ಗೋಪುರ ಕೆಟ್ಟಿರ್ಲಿಲ್ಲ," ಎಂದಳು.

"ಯಾವಾಗ?"

"ಅವತ್ತು. ಎರಡು ಗಂಟೆ ಹತ್ತು ನಿಮಿಷಕ್ಕೆ ನಾಲ್ಕನೇ ಕೋರ್ ತುಂಬಿದೆ. ಗೋಪುರ ಸರಿಯಾಗೇ ಇತ್ತು. ನಾನು ಅವನನ್ನ ಸರಿಯಿರೋದನ್ನ ಸರಿ ಮಾಡೋಕೆ ಕಳಿಸಿದೆ."

ಈ ಮಾತನ್ನು ಅವಳು, ಅಂಚೆ ಕಚೇರಿ ಇವತ್ತು ರಜೆ ಎಂದು ಹೇಳುವ ಧಾಟಿಯಲ್ಲಿ ಹೇಳಿದಳು. ನನ್ನ ತಪ್ಪೂ ಒಂದಿತ್ತು, ಅದನ್ನು ಹೇಳಿಬಿಟ್ಟೆ. ಹಿಂದಿನ ಡಿಸೆಂಬರಿನಲ್ಲಿ ಅವಳು ಆಡಳಿತ ಮಂಡಳಿಗೆ ಒಂದು ಅರ್ಜಿ ಕೊಟ್ಟಿದ್ದಳು: ವೇಗ ಕತ್ತರಿಸುವ ಕೆಲಸವನ್ನು ತಾನೇ ಮಾಡಬಲ್ಲ ಹೊಸ ಥರದ ನೆಟ್‌ವರ್ಕ್ ಕಾರ್ಡ್ ಬೇಕು, ಪ್ರೊಸೆಸರ್ ಈ ಭಾರ ತಡೆಯುವುದಿಲ್ಲ ಎಂದು. ಆ ಅರ್ಜಿಯನ್ನು ಅಧ್ಯಕ್ಷ ದೊನ್ ಎವಾರಿಸ್ತೊ ಮುಂದಿನ ಸಭೆಗೆ ಎಂದರು. ಮುಂದಿನ ಸಭೆಯ ಕಡತದಲ್ಲಿ ಅದನ್ನು ಹಾಕಿಟ್ಟವಳು ನಾನು. ಎರಡು ಸಭೆ ಆದವು. ಕಡತದಿಂದ ಅದನ್ನು ತೆಗೆದು ಮೇಲಿಡಲು ನನಗೆ ಮರೆತೇ ಹೋಗಿತ್ತು.

"ಗೊತ್ತು," ಎಂದಳು ಒತಿಲಿಯಾ. "ಹಳದಿ ಕಡತ." ಅಷ್ಟು ಹೇಳಿ ಒಳಗೆ ಹೋದಳು.

ಆ ಕಾಗದವನ್ನು ನಾನು ಆವತ್ತೇ ದೊನ್ ಎವಾರಿಸ್ತೊ ಅವರ ಮುಂದಿಟ್ಟೆ. ಅವರು ಕೆಟ್ಟವರಲ್ಲ, ನಿಧಾನಿ. ಮೊದಲು, "ಎಲ್ಲರ ವೇಗಾನೂ ಒಂಚೂರು ಇಳಿಸಿಬಿಟ್ರೆ ಆಗಲ್ವಾ?" ಎಂದರು. ನಾನು ಬಾಗಿಲು ಮುಚ್ಚಿ ಮಂಗಳವಾರದ ಸಂಗತಿ ಹೇಳಿದೆ. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಸಹಿ ಹಾಕಿದರು. ಮೇ ಮಧ್ಯದಲ್ಲಿ ಬ್ವೆನೊಸ್ ಐರೆಸ್‌ನಿಂದ ಬಸ್ಸಿನಲ್ಲಿ ಕಾರ್ಡ್ ಬಂತು, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ಸಣ್ಣ ಪೆಟ್ಟಿಗೆ.

ಒಂದು ಭಾನುವಾರ ಬೆಳಿಗ್ಗೆ, ಊರವರೆಲ್ಲ ಚರ್ಚಿನಲ್ಲಿದ್ದಾಗ ಒತಿಲಿಯಾ ಅದನ್ನು ಹಾಕಿದಳು. ಕರ್ನೆಲ್ ಈಗ ಬಕೆಟ್‌ಗಳನ್ನು ತಾನು ಮೊಗೆಯದೆ ಅವುಗಳ ಅಳತೆಯನ್ನು ಕಾರ್ಡಿಗೆ ಬರೆದುಕೊಟ್ಟು ಸುಮ್ಮನಿರುತ್ತಿತ್ತು. ಕಾರ್ಡಿನ ಚಿಪ್‌ನಲ್ಲೇ ಎಲ್ಲ ನಡೆಯುತ್ತಿತ್ತು. ಸೋಮವಾರದ ಸಿಯೆಸ್ತಾದಲ್ಲಿ ನಾಲ್ಕು ಕೋರ್‌ಗಳೂ ನೂರಕ್ಕೆ ಹತ್ತರ ಮೇಲೆ ಏರಲಿಲ್ಲ. ಕಾಲೊನಿಯಿಂದ ಒಂದೂ ಫೋನ್ ಇಲ್ಲ. ದೊನ್ ಎವಾರಿಸ್ತೊ ಕೋಣೆಯ ಬಾಗಿಲಿಗೆ ಬಂದು, "ಚೆನ್ನಾಗಿದೆಯಾ, ಮಗಳೇ?" ಎಂದರು. "ಚೆನ್ನಾಗಿದೆ," ಎಂದಳು, ತಿರುಗಿ ನೋಡದೆ.

ಬುಧವಾರ ಬೇರೆಯದೇ ದೂರುಗಳು ಬಂದವು. ಎಲ್ಲ ಆರು ಮೆಗಾದ, ಅತಿ ಸಣ್ಣ ಯೋಜನೆಯ ಮನೆಗಳು: ಒಂಟಿ ಮುದುಕರು, ಪಿಂಚಣಿಯವರು, ಗುಡಿಸಲ ಕೇರಿಯವರು. ಅವರ ಮಾತು ವಿಚಿತ್ರವಾಗಿತ್ತು. ನೆಟ್ ಇದೆ, ಆದರೂ ಇಲ್ಲ. ಅವರಲ್ಲಿ ದೊನ್ಯಾ ತಿಮೊತೆಯಾ ಕೂಡ ಒಬ್ಬರು; ಮಗನ ಮನೆಯ ಸಂಪರ್ಕ ಇನ್ನೂ ಆರೇ ಮೆಗಾದ್ದು. ಲೈನ್‌ಮನ್‌ಗೆ ಯಾಕೆ ದೊಡ್ಡದು ಎಂದು ಇಲಾರಿಯೊ ಬದಲಾಯಿಸಿರಲಿಲ್ಲ. ಅವರ ಮಗಳು ಗ್ಲಾದಿಸ್ ದೂರದ ನೆವ್ಕೆನ್‌ನಲ್ಲಿ ನರ್ಸ್. ತಾಯಿ ಮಗಳು ದಿನಾ ಸಿಯೆಸ್ತಾದಲ್ಲಿ ವಿಡಿಯೊ ಕರೆ ಮಾಡಿಕೊಂಡು, ಅವಳು ಅಲ್ಲಿ ಇವರು ಇಲ್ಲಿ ಅಳುವುದು ರೂಢಿಯಾಗಿತ್ತು.

"ದನಿ ಬರುತ್ತೆ, ಮುಖ ಬರಲ್ಲ," ಎಂದು ದೊನ್ಯಾ ತಿಮೊತೆಯಾ ಸೊಸೆಗೆ ಫೋನ್ ತೋರಿಸಿದರಂತೆ. ಗ್ಲಾದಿಸ್‌ಳ ಮುಖ ಬಾಯಿ ಅರ್ಧ ತೆರೆದು ನಿಂತುಹೋಗಿತ್ತು. "ನಿನ್ನ ಯಂತ್ರಕ್ಕೆ ನನ್ನ ಮಗ ಸಾಲ್ದು ಅಂತ ಈಗ ಮಗಳ ಮುಖಾನೂ ಬೇಕಾ?"

ಒತಿಲಿಯಾ ಜಗಳಕ್ಕೆ ಹೋಗಲಿಲ್ಲ. ಫೋನನ್ನು ಕೈಗೆ ತೆಗೆದುಕೊಂಡು ನೋಡುತ್ತಾ ನಿಂತಳು. ದನಿಯ ಪ್ಯಾಕೆಟ್ ಚಿಕ್ಕದು. ಚಿತ್ರದ ಪ್ಯಾಕೆಟ್ ದೊಡ್ಡದು. ಚಿಕ್ಕದು ದಾಟುತ್ತಿದೆ, ದೊಡ್ಡದು ಒಂದೂ ದಾಟುತ್ತಿಲ್ಲ. "ಸರಿ," ಎಂದಳು. ಫೋನ್ ವಾಪಸು ಕೊಟ್ಟು, ಸಿಯೆಸ್ತಾ ಬಿಸಿಲಿನಲ್ಲೇ ಕಚೇರಿಗೆ ನಡೆದು ಬಂದಳು.

ಮುಂದಿನ ಎರಡು ವಾರ ಅವಳು ಕಾರ್ಡಿನ ಡ್ರೈವರ್ ಓದಿದಳು. ಕರ್ನೆಲ್ಲಿಗೂ ಕಾರ್ಡಿಗೂ ನಡುವೆ ಮಾತು ದಾಟಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಅದು ತೆರೆದಿಟ್ಟ ಪುಸ್ತಕ, ಯಾರು ಬೇಕಾದರೂ ಓದಬಹುದು. ಆದರೆ ಒಂಬತ್ತು ಸಾವಿರ ಸಾಲು. ಅಷ್ಟನ್ನೂ ಮುದ್ರಿಸಿಕೊಡು ಎಂದು ನನ್ನ ಹತ್ತಿರ ಕೇಳಿದಳು; ಸಂಘದ ಪ್ರಿಂಟರಿನ ಶಾಯಿಯೆಲ್ಲ ಅದಕ್ಕೇ ಹೋಯಿತು. ಒಂದೊಂದೇ ಹಾಳೆ ಮಗುಚುತ್ತಾ ಬೆರಳಿಟ್ಟು ಓದುತ್ತಿದ್ದಳು. ನಾನಾಗಿದ್ದರೆ ಐದನೇ ಹಾಳೆಗೆ ಎದ್ದು ಹೋಗುತ್ತಿದ್ದೆ. ಅವಳಿಗೆ ಬೇಸರವೂ ಆಗುತ್ತಿರಲಿಲ್ಲ, ಆತುರವೂ ಇರಲಿಲ್ಲ. ಬೇರೆ ಕಡೆ ಹೋಗಿ ಮಾಡಬೇಕಾದ್ದು ಏನೂ ಇಲ್ಲದವಳ ಹಾಗೆ ಓದಿದಳು.

ಇನ್ನೂರ ಹನ್ನೊಂದನೇ ಹಾಳೆಯಲ್ಲಿ ಸಿಕ್ಕಿತು. ನನ್ನನ್ನು ಕರೆದು ತೋರಿಸಿದಳು, ನನಗೆ ಏನೂ ಅರ್ಥವಾಗದು ಎಂದು ಗೊತ್ತಿದ್ದೂ.

"ಈ ಕಾರ್ಡಿಗೆ ಎಲ್ಲಾ ಅಳತೆ ಬಕೆಟ್ ಬರಲ್ಲ. ಐನೂರ ಹನ್ನೆರಡು ಬೈಟ್, ಸಾವಿರದಿಪ್ಪತ್ನಾಲ್ಕು, ಎರಡು ಸಾವಿರದ ನಲವತ್ತೆಂಟು, ಹೀಗೆ ದುಪ್ಪಟ್ಟು ದುಪ್ಪಟ್ಟು. ಆರು ಮೆಗಾದವರಿಗೆ ಕರ್ನೆಲ್ ಸಾವಿರದಾರುನೂರರ ಬಕೆಟ್ ಕೊಡು ಅಂತ ಹೇಳುತ್ತೆ. ಅದು ಕಾರ್ಡಿನಲ್ಲಿ ಇಲ್ಲ. ಡ್ರೈವರ್ ಏನು ಮಾಡುತ್ತೆ ನೋಡು, ಕೆಳಗಿನದಕ್ಕೆ ಇಳಿಸಿಬಿಡುತ್ತೆ. ಸಾವಿರದಿಪ್ಪತ್ನಾಲ್ಕು."

"ಇಳಿಸಿದ್ರೆ?"

"ದೊಡ್ಡ ಪ್ಯಾಕೆಟ್ ಅಂದ್ರೆ ಸಾವಿರದೈನೂರು. ಬಕೆಟ್ ತುಂಬಿ ತುಳುಕ್ತಾ ಇದ್ರೂ ಅದಕ್ಕೆ ಸಾಲಲ್ಲ. ಯಾವತ್ತೂ ಸಾಲಲ್ಲ. ಡ್ರೈವರ್ ಯಾರಿಗೂ ಹೇಳದೆ ಇಳಿಸಿದೆ. ಕರ್ನೆಲ್ ಎಲ್ಲಾ ಸರಿಯಿದೆ ಅಂದ್ಕೊಂಡಿದೆ."

"ಬರೆದವನಿಗೆ ತಿಳೀಲಿಲ್ವಾ?"

"ಅವನ ಊರಲ್ಲಿ ಆರು ಮೆಗಾದವರು ಇರಲಿಕ್ಕಿಲ್ಲ."

ಅವಳು ಹದಿಮೂರು ಸಾಲು ಬರೆದಳು. ಬಕೆಟ್ಟನ್ನು ಕೆಳಗಿನ ಅಳತೆಗೆ ಇಳಿಸದೆ ಮೇಲಿನದಕ್ಕೆ ಏರಿಸುವುದು. ಕಾರ್ಡಿಗೆ ಆಗದೇ ಇರುವಂಥದ್ದಾದರೆ ಆಗುವುದಿಲ್ಲ ಎಂದು ಕರ್ನೆಲ್ಲಿಗೆ ಹೇಳಿಬಿಡುವುದು, ಆಗ ಅದೊಂದನ್ನು ಕರ್ನೆಲ್ ತನ್ನ ಕೈಯಲ್ಲೇ ಮೊಗೆಯುತ್ತದೆ. ನಮ್ಮ ಯಂತ್ರದಲ್ಲಿ ಹಾಕಿ ನೋಡಿದಳು. ಕೇರಿಯ ಮನೆಗಳ ದೂರು ನಿಂತಿತು.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಇದೇ ಕಾರ್ಡ್ ಹಾಕಿಕೊಂಡ ಬೇರೆ ಊರುಗಳೂ ಇರುತ್ತವೆ ಎಂದಳು. ಲೋಕದ ನಾನಾ ಕಡೆಯವರು ಸೇರಿ ಬರೆದು ಬೆಳೆಸುವ ಕರ್ನೆಲ್ಲಿಗೆ ತಿದ್ದುಪಡಿ ಕಳಿಸುವವರು ಅದನ್ನು ಎಲ್ಲರೂ ಓದುವ ಒಂದು ಮೇಲ್ ಪಟ್ಟಿಗೆ ಕಳಿಸಬೇಕು, ಯಾಕೆ ಎಂದು ವಿವರಣೆ ಬರೆದು, ಕೆಳಗೆ ಸ್ವಂತ ಹೆಸರಿನಲ್ಲಿ ಸಹಿ ಹಾಕಬೇಕು. ಸಹಿಯ ಬಗ್ಗೆ ಅವಳಿಗೆ ಒಂದು ತೊಡಕು ಬಂತು. ಸಂಘದ ಕಾಗದಗಳಲ್ಲಿ ಆ ಹೊತ್ತಿಗೆ ಅವಳು 'ಫ್ಲೆಯ್ತಾಸ್‌ನ ವಿಧವೆ' ಆಗಿದ್ದಳು. ಹಾಗೆ ಬದಲಾಯಿಸಿದ್ದು ಕೂಡ ನಾನೇ, ನಿಯಮ ಹಾಗಿದೆ. "ನಿನ್ನ ಹೆಸರು ನಿಂದೇ ಹಾಕು," ಎಂದೆ. ಒತಿಲಿಯಾ ಸೆಮೆನ್ಯೂಕ್ ಎಂದು ಹಾಕಿದಳು.

ಕರ್ನೆಲ್ಲಿನ ಆ ಭಾಗವನ್ನು ನೋಡಿಕೊಳ್ಳುವವನು ಹಾಲ್ವೋರ್ ಎಂಬ ನಾರ್ವೆಯವನು. ಖಂಡತುಂಡ ಮಾತಿನ ಮನುಷ್ಯ. ಮೊದಲ ಸಲ, ನಿನ್ನ ಮೇಲ್ ಪ್ರೋಗ್ರಾಂ ಸಾಲುಗಳನ್ನೆಲ್ಲ ಚಿಂದಿ ಮಾಡಿದೆ, ಮತ್ತೆ ಕಳಿಸು ಎಂದ. ಎರಡನೇ ಸಲ, ವಿವರಣೆ ಉದ್ದವಾಯಿತು, ಬೇಡದ ಮಾತೆಲ್ಲ ತೆಗೆ ಎಂದ; ಜೊತೆಗೆ, ಈ ಕೆಲಸವನ್ನು ಪ್ರೊಸೆಸರ್ ಬಿಟ್ಟು ಕಾರ್ಡಿಗೆ ಯಾಕೆ ಕೊಟ್ಟಿರಿ, ಬಳಸುವವರಿಗೆ ಆದ ತೊಂದರೆ ಏನು, ಅದನ್ನು ಸ್ಪಷ್ಟವಾಗಿ ಬರೆ ಎಂದ. ಸಿಟ್ಟಿನಿಂದಲ್ಲ, ಎಲ್ಲರಿಗೂ ಹಾಗೆಯೇ ಬರೆಯುತ್ತಾನೆ ಎಂದು ಒತಿಲಿಯಾ ಹೇಳಿದಳು.

ಅವಳು ಬರೆದಳು. ಬರೆದದ್ದನ್ನು ನನಗೆ ನಮ್ಮ ಭಾಷೆಯಲ್ಲಿ ಓದಿ ಹೇಳಿದಳು: "ತಂತ್ರಾಂಶದಲ್ಲಿ ವೇಗ ತಡೆದಾಗ ಒಂದು ಕೋರ್ ತುಂಬಿ ಪ್ಯಾಕೆಟ್‌ಗಳು ಬೀಳುತ್ತವೆ. ನೋಡುವವರಿಗೆ ಅದು ದೂರದ ಗೋಪುರದ ದೋಷದಂತೆ ಕಾಣುತ್ತದೆ. ನಮ್ಮಲ್ಲಿ ಗೋಪುರ ಸರಿಪಡಿಸಲು ಒಬ್ಬ ಮನುಷ್ಯನನ್ನು ಕಳಿಸಲಾಯಿತು. ಅವನು ಸತ್ತನು. ಗೋಪುರದಲ್ಲಿ ದೋಷವಿರಲಿಲ್ಲ."

"ಇದನ್ನ ಕಳಿಸ್ತೀಯಾ?" ಎಂದೆ.

"ತೊಂದ್ರೆ ಏನಾಯ್ತು ಅಂತ ಕೇಳಿದಾನೆ." ಕೀಲಿಮಣೆ ಪಕ್ಕಕ್ಕೆ ಸರಿಸಿ, "ಲೋಕವೆಲ್ಲ ಓದೋ ಜಾಗ ಅದು. ಅದಕ್ಕಿಂತ ಮೊದ್ಲು ಅವರಿಗೆ ಗೊತ್ತಾಗ್ಬೇಕು," ಎಂದಳು. ಅವರು ಎಂದರೆ ದೊನ್ಯಾ ತಿಮೊತೆಯಾ.

ಅವತ್ತು ಸಂಜೆ ಮನೆಗೆ ಹೋಗಿ ಹೇಳಿದಳು. ಅತ್ತೆ ಒಲೆಯ ಮುಂದೆ ಹಿಟ್ಟು ಹುರಿದು ಮಾಡುವ ರೆವಿರೊ ಕೆದಕುತ್ತಿದ್ದರು. ಪೂರ್ತಿ ಕೇಳಿದರು.

"ಗೋಪುರ ಕೆಟ್ಟಿರ್ಲಿಲ್ವಾ?"

"ಇಲ್ಲ."

"ಒಂಚೂರೂ?"

"ಒಂಚೂರೂ ಇಲ್ಲ, ದೊನ್ಯಾ. ನಾನು ನೋಡ್ಬೇಕಿತ್ತು. ನೋಡ್ಲಿಲ್ಲ."

ದೊನ್ಯಾ ತಿಮೊತೆಯಾ ಒಲೆಯ ಉರಿ ಆರಿಸಿದರು, ಸೌಟು ಗೋಡೆಗೆ ತೂಗುಹಾಕಿದರು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹನ್ನೊಂದು ದಿನ ಸೊಸೆಯ ಜೊತೆ ಒಂದು ಮಾತೂ ಆಡಲಿಲ್ಲ. ಅಡುಗೆ ಮಾಡಿ ತಟ್ಟೆ ಮುಚ್ಚಿಡುತ್ತಿದ್ದರು, ಜೊತೆಗೆ ಕೂರುತ್ತಿರಲಿಲ್ಲ. ಒತಿಲಿಯಾ ಮರುದಿನವೇ ತಿದ್ದುಪಡಿ ಕಳಿಸಿದಳು.

ಹನ್ನೆರಡನೇ ದಿನ ಬೆಳಿಗ್ಗೆ ದೊನ್ಯಾ ತಿಮೊತೆಯಾ ನನ್ನ ಕೌಂಟರಿಗೆ ಬಂದರು. ಸರದಿಯಲ್ಲಿ ನಿಂತು, ತಮ್ಮ ಸರದಿ ಬಂದಾಗ ಕೈಚೀಲ ಮೇಜಿನ ಮೇಲಿಟ್ಟರು.

"ಅವಳು ಹೇಳೋದು ನಿಜಾನಾ?"

"ನಿಜ, ದೊನ್ಯಾ." ಆಮೇಲೆ ಬಾಯಿ ನಿಲ್ಲಲಿಲ್ಲ. ಹಳದಿ ಕಡತದ ಕತೆಯನ್ನೂ ಹೇಳಿದೆ. ದೊನ್ ಎವಾರಿಸ್ತೊ ಒಳಗಿನಿಂದ ಎದ್ದು ಬಂದು ನನ್ನ ಪಕ್ಕ ನಿಂತು, "ಮುಂದಿನ ಸಭೆಗೆ ಅಂದವನು ನಾನು," ಎಂದರು.

"ನೀವೂನಾ?" ಅವರು ನಮ್ಮಿಬ್ಬರನ್ನೂ ನೋಡಿದರು. "ಇನ್ನೂ ಯಾರ್ಯಾರಿದ್ದೀರಿ? ಬನ್ನಿ, ಸಾಲಾಗಿ ನಿಲ್ಲಿ."

ಹಿಂದೆ ನಿಂತಿದ್ದವನೊಬ್ಬ ಕೈಯಲ್ಲಿದ್ದ ಬಿಲ್ಲನ್ನು ಮಡಿಸಿ ಜೇಬಿಗಿಟ್ಟುಕೊಂಡ.

"ಗಾಡೀಲಿ ಸರಪಳಿ ಇತ್ತು," ಎಂದರು ದೊನ್ಯಾ ತಿಮೊತೆಯಾ. ಕೆಸರಿನಲ್ಲಿ ಜಾರದಂತೆ ಚಕ್ರಕ್ಕೆ ಕಟ್ಟುವ ಸರಪಳಿ. "ಸೀಟಿನ ಹಿಂದೆ, ಚೀಲದಲ್ಲಿ. ಪೊಲೀಸಿನವ್ರು ಚೀಲ ತಂದುಕೊಟ್ಟಾಗ ಗಂಟು ಬಿಚ್ಚಿರ್ಲಿಲ್ಲ. ಕಟ್ಕೊಂಡು ಹೋಗೋ, ಕಟ್ಕೊಂಡು ಹೋಗೋ ಅಂತ ಹದಿನೈದು ವರ್ಷ ಬಡ್ಕೊಂಡೆ. ಹತ್ತು ನಿಮಿಷದ ಕೆಲ್ಸ. ಸೋಮಾರಿ. ನನ್ನ ಮಗ ಸೋಮಾರಿ." ಕೈಚೀಲ ಎತ್ತಿಕೊಂಡರು. "ಆ ಚೀಲ ನಾನು ಅವಳಿಗೆ ತೋರಿಸ್ಲಿಲ್ಲ. ಮಂಚದ ಕೆಳಗೆ ಇಟ್ಕೊಂಡಿದ್ದೆ. ಅವಳು ಅಳ್ಲಿಲ್ಲ ಅನ್ನೋ ಸಿಟ್ಟಿಗೆ."

ಆ ರಾತ್ರಿಯ ಊಟಕ್ಕೆ ಇಬ್ಬರೂ ಒಂದೇ ಮೇಜಿಗೆ ಕೂತರಂತೆ. ಏನು ಮಾತಾಡಿದರು ಎಂದು ಕೇಳಿದೆ. "ಏನಿಲ್ಲ. ಉಪ್ಪು ಕೊಡು ಅಂದ್ರು," ಎಂದಳು ಒತಿಲಿಯಾ.

ಜುಲೈಯಲ್ಲಿ ಹಾಲ್ವೋರನ ಉತ್ತರ ಬಂತು. ತಿದ್ದುಪಡಿ ಸೇರಿಸಿಕೊಂಡಿದ್ದೇನೆ ಎಂದಿದ್ದ, ಅಷ್ಟೇ. ಅವಳ ವಿವರಣೆಯಲ್ಲಿ ಒಂದು 'ತುಂಬಾ', ಒಂದು 'ಬಹುಶಃ', ಎರಡು ಪೂರ್ತಿ ವಾಕ್ಯ ಅವನೇ ಕತ್ತರಿಸಿ ಹಾಕಿದ್ದ. ಮನುಷ್ಯನ ವಿಷಯದ ಮೂರು ವಾಕ್ಯಗಳನ್ನು ಮುಟ್ಟಿರಲಿಲ್ಲ. ಅವು ಇನ್ನೂ ಅಲ್ಲೇ ಇವೆ. ಒತಿಲಿಯಾ ನನಗೆ ಪರದೆಯಲ್ಲಿ ತೋರಿಸಿ, ಮತ್ತೆ ಆ ಪುಟ ಮುಚ್ಚಿ, ಬೇರೆ ಕೆಲಸ ನೋಡಿದಳು. ಆಗಸ್ಟಿನಲ್ಲಿ ಬೊಲಿವಿಯಾದ ಒಂದು ಊರಿನಿಂದ ಯಾರೋ ಬರೆದರು: ನಮ್ಮಲ್ಲೂ ಅದೇ ಕಾರ್ಡ್, ನಮ್ಮ ಶಾಲೆಗೆ ಈಗ ಚಿತ್ರ ಬರುತ್ತಿದೆ, ವಂದನೆ. ಅವಳು ಅದನ್ನು ಮುದ್ರಿಸಿ ಕೋಣೆಯ ಗೋಡೆಗೆ ಅಂಟಿಸಿದಳು. ಗೋಡೆಗೆ ಏನನ್ನಾದರೂ ಅಂಟಿಸಿದ್ದು ಅದೇ ಮೊದಲು.

ಊರಿನ ಬಾಯಿ ತಾನಾಗಿ ಮುಚ್ಚಿತು. ಸಂಘದ ವಾರ್ಷಿಕ ಸಭೆಯಲ್ಲಿ ದೊನ್ ಎವಾರಿಸ್ತೊ ಎದ್ದು ನಿಂತು, ಡಿಸೆಂಬರಿನ ಅರ್ಜಿಯ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಿ, ಅಧ್ಯಕ್ಷ ಸ್ಥಾನ ಬಿಟ್ಟರು. ಯಾರೂ ಒತ್ತಾಯ ಮಾಡಿರಲಿಲ್ಲ. ನಾನು ಕೌಂಟರಿನಲ್ಲೇ ಉಳಿದೆ. ಈಗ ಮುಂದಿನ ಸಭೆಯ ಕಡತವನ್ನು ಪ್ರತಿ ಸೋಮವಾರ ತೆರೆದು ನೋಡುತ್ತೇನೆ.

ಅಕ್ಟೋಬರಿನಲ್ಲಿ ಒತಿಲಿಯಾ ರಜೆ ಕೇಳಿದಳು. ಅತ್ತೆ ಸೊಸೆ ಬಸ್ಸು ಹತ್ತಿ ಗ್ಲಾದಿಸ್‌ಳನ್ನು ನೋಡಲು ನೆವ್ಕೆನ್‌ಗೆ ಹೊರಟರು. ಒಂದು ಹಗಲು, ಒಂದು ರಾತ್ರಿ, ಮತ್ತೆ ಅರ್ಧ ಹಗಲಿನ ದಾರಿ. ಹೋಗುವಾಗ ನನ್ನ ಕೈಗೆ ನಾಲ್ಕು ಸಾಲು ಬರೆದ ಚೀಟಿ ಕೊಟ್ಟಿದ್ದಳು: ದಿನಕ್ಕೊಮ್ಮೆ ಒಳಗೆ ಹೋಗು, ಹಸಿರು ದೀಪ ನೋಡು, ಏನನ್ನೂ ಮುಟ್ಟಬೇಡ, ಯಾರನ್ನೂ ಎಲ್ಲಿಗೂ ಕಳಿಸಬೇಡ.

ದಾರಿಯಲ್ಲಿ ನಡೆದದ್ದನ್ನು ಆಮೇಲೆ ದೊನ್ಯಾ ತಿಮೊತೆಯಾ ಹೇಳಿದರು. ಎರಡನೇ ದಿನ ಬೆಳಿಗ್ಗೆ ಬಸ್ಸು ಪಂಪಾದ ಬಯಲಿನಲ್ಲಿ ಹೋಗುತ್ತಿತ್ತು. ಕಿಟಕಿಯಾಚೆ ನೋಡಲು ಒಂದು ಮರವೂ ಇರಲಿಲ್ಲ. ಒತಿಲಿಯಾ ಬ್ರೆಡ್ಡು ಅಗಿಯುತ್ತಾ ಕೂತವಳು, ಅಗಿಯುವುದನ್ನು ನಿಲ್ಲಿಸದೆಯೇ ಅಳತೊಡಗಿದಳು. ಸದ್ದಿಲ್ಲ, ಬರೀ ನೀರು. ಅಂಗಿಯ ಕಾಲರೆಲ್ಲ ಒದ್ದೆಯಾಯಿತು. ಅತ್ತೆ ಏನೂ ಕೇಳಲಿಲ್ಲ, ಮುಟ್ಟಲೂ ಇಲ್ಲ. ಒಂದು ಗಂಟೆ ಹಾಗೆಯೇ ಹೋಯಿತು. ಆಮೇಲೆ ಮೂಗು ಒರೆಸಿಕೊಂಡು, ಬೇಯಿಸಿದ ಮೊಟ್ಟೆ ಏನಾದರೂ ಉಳಿದಿದೆಯಾ ಎಂದು ಕೇಳಿದಳು.

"ಒಂದೇ ಇತ್ತು," ಎಂದರು ದೊನ್ಯಾ ತಿಮೊತೆಯಾ ನನಗೆ. "ಅರ್ಧ ಅರ್ಧ ಮಾಡ್ಕೊಂಡ್ವಿ."